ಒಂಬತ್ತನೇ ಸಾಲಿನ ಪೈಲಟ್

ಮಾರ್ಚ್ 4

ಕ್ಯಾಪ್ಟನ್ ಅವರಿಗೆ ನಮಸ್ಕಾರ.

ಹೆಸರು ಬರೆದರೆ ನಿಮಗೆ ಗುರುತು ಹತ್ತಲಿಕ್ಕಿಲ್ಲ. ಕಂಪನಿಯಲ್ಲಿ ನನ್ನನ್ನು ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದೇ. ಜನವರಿ ಇಪ್ಪತ್ತೊಂಬತ್ತರ ಮಧ್ಯಾಹ್ನ ನೀವು ಡ್ಯೂಟಿ ಮುಗಿಸಿ, ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡು, ನಮ್ಮ ವಿಮಾನದಲ್ಲಿ ಪ್ರಯಾಣಿಕರಾಗಿ ಮನೆಗೆ ಹೊರಟಿದ್ದಿರಿ. ಒಂಬತ್ತನೇ ಸಾಲು, ಎಡಗಡೆ ಕಿಟಕಿ. ನಿಮಗೆ ಕಾಫಿ ಕೊಟ್ಟವಳು ನಾನು.

ನಾವಿಬ್ಬರೂ ಬದುಕಿದ್ದೇವೆ. ಮೂವತ್ತನಾಲ್ಕು ಪ್ರಯಾಣಿಕರೂ ಬದುಕಿದ್ದಾರೆ. ರನ್‌ವೇ ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿದ ವಿಮಾನದಿಂದ ಅಷ್ಟೂ ಜನ ಹೊರಬಂದದ್ದನ್ನು ಪತ್ರಿಕೆಯವರು ಪವಾಡ ಎಂದು ಬರೆದರು. ಕೋ-ಪೈಲಟ್ ಹುಡುಗಿಯ ಬಲಗಾಲು ಮಂಡಿಯಿಂದ ಕೆಳಗೆ ಹೋಯಿತು ಎನ್ನುವುದನ್ನು ಅದೇ ಸುದ್ದಿಯ ಕೊನೆಯ ಸಾಲಿಗೆ ತಳ್ಳಿದ್ದರು. ನನ್ನ ಎಡಗೈ ಎರಡು ಕಡೆ ಮುರಿದಿದೆ. ಬಲಗೈ ನೆಟ್ಟಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಕಂಪನಿಯಿಂದ ಕಾರಣ ಕೇಳಿ ನೋಟಿಸ್ ಬಂತು. ವಿಚಾರಣೆ ಮುಗಿಯುವವರೆಗೆ ನನ್ನನ್ನು ಅಮಾನತಿನಲ್ಲಿ ಇಟ್ಟಿದ್ದಾರಂತೆ. ಜೊತೆಯಲ್ಲೇ, ವಿಚಾರಣಾ ಸಮಿತಿಗೆ ನೀವು ಕೊಟ್ಟ ಹೇಳಿಕೆಯ ನಕಲು. ಎಡರೆಕ್ಕೆಯ ಇಂಧನದ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ದಾರಿಯುದ್ದಕ್ಕೂ ಇಂಧನ ಸೋರಿತು, ಇಳಿಯುವ ಹೊತ್ತಿಗೆ ಎಡಗಡೆ ಎಂಜಿನ್ ನಿಂತಿತು. ಇಷ್ಟು ಈಗ ಎಲ್ಲರಿಗೂ ಗೊತ್ತು. ನಿಮ್ಮ ಹೇಳಿಕೆಯ ಏಳನೇ ಸಾಲು ಹೀಗಿದೆ: "ರೆಕ್ಕೆಯ ಮೇಲೆ ದ್ರವ ಹರಿಯುತ್ತಿದ್ದುದನ್ನು ಗಮನಿಸಿ, ಕರ್ತವ್ಯದಲ್ಲಿದ್ದ ಗಗನಸಖಿಗೆ ತಿಳಿಸಿರುತ್ತೇನೆ."

ಆ ಗಗನಸಖಿ ಎಂದರೆ ಐವತ್ತೊಂದು ವರ್ಷದ, ಮಂಡಿನೋವಿನ ನಾನು. ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದೇನೆ. ತಿಳಿಸಿದ್ದನ್ನು ವಿಮಾನ ಹಾರಿಸುತ್ತಿದ್ದ ಕ್ಯಾಪ್ಟನ್‌ಗೆ ಏಕೆ ಮುಟ್ಟಿಸಲಿಲ್ಲ ಎಂದು ಹದಿನೈದು ದಿನದೊಳಗೆ ಉತ್ತರಿಸಬೇಕಂತೆ.

ನೀವು ನನಗೆ ಏನು ತಿಳಿಸಿದಿರಿ? ಅರ್ಥ ಬೇಡ, ಸಾರಾಂಶ ಬೇಡ. ಬಾಯಿಂದ ಹೊರಟ ಮಾತು ಯಾವುದು, ಅದನ್ನು ಬರೆದು ಕಳಿಸಿ. ಫೋನ್ ಮಾಡಬೇಡಿ, ಫೋನಿನಲ್ಲಿ ಮಾತು ಜಾರಿಹೋಗುತ್ತದೆ. ನಾನು ಕದ್ದುಮುಚ್ಚಿ ಬರೆಯುತ್ತಿಲ್ಲ. ಈ ಪತ್ರದ ನಕಲು ಇಟ್ಟುಕೊಂಡಿದ್ದೇನೆ. ನೀವು ಬರೆದದ್ದನ್ನೂ ಸೇರಿಸಿ ವಿಚಾರಣಾಧಿಕಾರಿಯ ಕೈಗೆ ಕೊಡುತ್ತೇನೆ. ಅದು ತಿಳಿದೇ ಬರೆಯಿರಿ.

ದೊಡ್ಡಕ್ಕ

•

ಮಾರ್ಚ್ 19

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ನಿಮ್ಮ ಕೈ ಬೇಗ ಗುಣವಾಗಲಿ ಎಂದು ಹಾರೈಸುತ್ತೇನೆ.

ವಿಷಯ ವಿಚಾರಣೆಯಲ್ಲಿರುವುದರಿಂದ ಹೆಚ್ಚಿಗೆ ಬರೆಯುವುದು ಸೂಕ್ತವಲ್ಲ ಎಂದು ನಮ್ಮ ಸಂಘದ ವಕೀಲರು ಸಲಹೆ ಕೊಟ್ಟಿದ್ದಾರೆ. ರೆಕ್ಕೆಯ ಮೇಲಿನ ತೇವದ ಬಗ್ಗೆ ನಿಮ್ಮ ಗಮನ ಸೆಳೆದದ್ದು ನಿಜ. ಆ ದಿನ ನಾನು ಕರ್ತವ್ಯದಲ್ಲಿರಲಿಲ್ಲ, ಟಿಕೆಟ್ ಹಿಡಿದ ಪ್ರಯಾಣಿಕನಾಗಿದ್ದೆ ಎನ್ನುವುದನ್ನೂ ನೀವು ಗಮನಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಕ್ಯಾಪ್ಟನ್

•

ಮಾರ್ಚ್ 22

ಕ್ಯಾಪ್ಟನ್ ಅವರಿಗೆ,

ನಿಮ್ಮ ಪತ್ರವನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಅವರು ಬಸ್ ಡಿಪೋದಲ್ಲಿ ಗುಮಾಸ್ತರು, ಇಂಥ ಕಾಗದಗಳನ್ನು ಅರೆದು ಕುಡಿದವರು. "ಇದರಲ್ಲಿ ಒಂದಕ್ಷರಾನೂ ಅವರು ಬರೆದಿಲ್ಲ ಕಣೇ, ಎಲ್ಲಾ ವಕೀಲರದ್ದೇ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಸಮಿತಿಗೆ ಕೊಟ್ಟ ಹೇಳಿಕೆಯಲ್ಲಿ "ದ್ರವ" ಇತ್ತು, ಈ ಪತ್ರದಲ್ಲಿ "ತೇವ" ಆಗಿದೆ. "ತಿಳಿಸಿರುತ್ತೇನೆ" ಎನ್ನುವುದು "ಗಮನ ಸೆಳೆದದ್ದು" ಆಗಿದೆ. ಇನ್ನೊಂದು ಪತ್ರ ಬಂದರೆ ಏನೂ ಉಳಿಯದೇನೋ. ಅದಕ್ಕೇ ನನಗೆ ನೆನಪಿರುವುದನ್ನು ನಾನೇ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.

ಹೊರಟಾಗ ಜೋರು ಮಳೆ. ಮೋಡ ದಾಟಿದ ಮೇಲೆ ಕಣ್ಣು ಕುಕ್ಕುವ ಬಿಸಿಲು. ನಾನು ಗಾಡಿ ತಳ್ಳಿಕೊಂಡು ಒಂಬತ್ತನೇ ಸಾಲಿಗೆ ಬಂದೆ. ನೀವು ಕಿಟಕಿಯ ಕಡೆ ನೋಡುತ್ತಲೇ, "ರೆಕ್ಕೆ ಇನ್ನೂ ಒಣಗೇ ಇಲ್ಲ ನೋಡಿ," ಎಂದಿರಿ. ನಾನು ಬಗ್ಗಿ ನೋಡಿ, "ಮಳೆ ಜೋರಾಗೇ ಇತ್ತಲ್ವಾ ಸರ್," ಎಂದೆ. ನೀವು "ಹೂಂ" ಎಂದಿರಿ. ನಾನು ಸಕ್ಕರೆ ಎಷ್ಟು ಎಂದು ಕೇಳಿದೆ. ಅರ್ಧ ಚಮಚ ಎಂದಿರಿ.

ಅಷ್ಟೇ. ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ.

ಇದು ತಿಳಿಸಿದ್ದೇ? ನಮ್ಮ ಮನೆಗೆ ಬಂದವರೂ ಹಾಗೇ ಹೇಳುತ್ತಾರೆ, "ಬಟ್ಟೆ ಇನ್ನೂ ಒಣಗಿಲ್ವಲ್ಲ" ಎಂದು. ನಾನೇನು ಅಗ್ನಿಶಾಮಕ ದಳಕ್ಕೆ ಫೋನ್ ಮಾಡುತ್ತೇನೆಯೇ? ಇಂಧನ ಎಂಬ ಪದ ನಿಮ್ಮ ಬಾಯಿಂದ ಬರಲಿಲ್ಲ. ಕ್ಯಾಪ್ಟನ್‌ಗೆ ಹೇಳಿ ಎಂಬ ಮಾತು ಬರಲಿಲ್ಲ. ನೀವು ಹವಾಮಾನದ ಬಗ್ಗೆ ಮಾತಾಡಿದಿರಿ, ಈಗ ನನ್ನ ತಲೆಯ ಮೇಲೆ ಗೂಬೆ ಕೂರಿಸುತ್ತಿದ್ದೀರಿ.

ಪ್ರಯಾಣಿಕನಾಗಿದ್ದೆ ಎಂದು ಬರೆದಿದ್ದೀರಿ. ಹೌದು, ಟಿಕೆಟ್ ಇತ್ತು. ಆದರೆ ಡಾಕ್ಟರು ಬಸ್ಸಿನಲ್ಲಿ ಕೂತಾಗ ಪಕ್ಕದವನ ಎದೆನೋವು ಕಂಡರೆ, ನಾನೀಗ ಪ್ರಯಾಣಿಕ ಎಂದು ಸುಮ್ಮನಿರುತ್ತಾರೆಯೇ? ಆ ವಿಮಾನದ ಮೂವತ್ತನಾಲ್ಕು ಜನರಲ್ಲಿ ಆ ಒದ್ದೆಯನ್ನು ಓದಬಲ್ಲ ಕಣ್ಣು ಇದ್ದದ್ದು ಒಬ್ಬರಿಗೇ.

ದೊಡ್ಡಕ್ಕ

•

ಏಪ್ರಿಲ್ 11

ಕ್ಯಾಪ್ಟನ್ ಅವರಿಗೆ,

ಮೂರು ವಾರವಾಯಿತು, ಉತ್ತರವಿಲ್ಲ. ನಿಮಗೆ ತರಬೇತಿ ಕ್ಯಾಪ್ಟನ್ ಆಗಿ ಬಡ್ತಿಯ ಮಾತು ನಡೆದಿದೆ ಎಂದು ಕೇಳಿದೆ. ಸಂತೋಷ.

ನನ್ನ ವಿಚಾರಣೆ ಮೇ 15ಕ್ಕೆ, ನಿಮ್ಮದು 17ಕ್ಕೆ. ನನ್ನ ಪ್ಲಾಸ್ಟರ್ ಬಿಚ್ಚಿದ್ದಾರೆ. ಕೈ ಸೌದೆಯ ಹಾಗಿದೆ, ಒಂದು ಪಾತ್ರೆ ಎತ್ತಲಾರೆ. ಆದರೆ ಬರೆಯುವುದನ್ನು ನಿಲ್ಲಿಸುವುದಿಲ್ಲ. ನೀವು ಓದದಿದ್ದರೆ ನಿಮ್ಮ ಮನೆಯವರಾದರೂ ಓದಲಿ.

ದೊಡ್ಡಕ್ಕ

•

ಏಪ್ರಿಲ್ 27

ದೊಡ್ಡಕ್ಕ,

ನೀವು ಬರೆದ ಹಾಗೇ ಆಯಿತು. ನನ್ನ ಹೆಂಡತಿ ಓದಿದಳು.

ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಊಟದ ಮೇಜಿನ ಮೇಲೆ ಉತ್ತರಪತ್ರಿಕೆಗಳ ಜೊತೆ ನಿಮ್ಮ ಪತ್ರ ಸೇರಿಹೋಗಿತ್ತು. ಓದಿ ಮುಗಿಸಿ, ಕೆಂಪು ಪೆನ್ನಿನ ಮುಚ್ಚಳ ಹಾಕಿ, ಒಂದೇ ಪ್ರಶ್ನೆ ಕೇಳಿದಳು: "ನೀವು ಅವರಿಗೆ ಹೇಳಿದ್ರೋ, ಇಲ್ಲಾ ಅವರ ಹತ್ರ ಸುಮ್ನೆ ಮಾತಾಡಿದ್ರೋ?" ಉತ್ತರ ಕೊಡಲು ನನಗೆ ಹತ್ತು ದಿನ ಹಿಡಿಯಿತು.

ಮಾತಾಡಿದೆ. ಹೇಳಲಿಲ್ಲ.

ನಿಮ್ಮ ನೆನಪಿನಲ್ಲಿ ಒಂದಕ್ಷರವೂ ತಪ್ಪಿಲ್ಲ. ಬಿಸಿಲು ಬಂದ ಮೇಲೆ ರೆಕ್ಕೆ ಒಣಗುತ್ತಾ ಹೋಯಿತು, ಒಂದು ಗೆರೆ ಮಾತ್ರ ಒಣಗಲಿಲ್ಲ. ಅದು ನೂಲಿನಂತೆ ಮಿನುಗುತ್ತಿತ್ತು. ಎಲ್ಲಿಂದ ಹುಟ್ಟುತ್ತಿದೆ ಎಂದು ನೋಡಿದೆ. ದುಂಡನೆಯ ಮುಚ್ಚಳದಿಂದ. ಅದು ಯಾವ ಮುಚ್ಚಳ ಎಂದು ನನಗೆ ಗೊತ್ತು, ದಿನಾ ಹಾರುವ ಮೊದಲು ವಿಮಾನಕ್ಕೆ ಒಂದು ಸುತ್ತು ಬಂದು ನಾನೇ ಮುಟ್ಟಿ ನೋಡುವ ಇಂಧನದ ಮುಚ್ಚಳ. ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಸಂದಿಯಲ್ಲಿ ನಿಂತ ಮಳೆನೀರಿರಬಹುದು. ಒಳಗೆ ಮಾಪಕವಿದೆ, ಕಡಿಮೆಯಾದರೆ ಅವರಿಗೇ ಗೊತ್ತಾಗುತ್ತದೆ.

ನಿಜವಾದ ಕಾರಣ ಬೇರೆ. ವಿಮಾನ ಹಾರಿಸುತ್ತಿದ್ದವರು ನನ್ನ ಗುರುಗಳು. ನನಗೆ ರೆಕ್ಕೆ ಅಂದರೇನು ಎಂದು ಕಲಿಸಿದವರು ಅವರೇ. ಅವರ ವಿಮಾನದಲ್ಲಿ ಕೂತು, ಕಾಫಿ ಕುಡಿಯುತ್ತಾ, ನಿಮ್ಮ ಇಂಧನ ಸೋರುತ್ತಿದೆ ಎಂದು ಹೇಳಿ ಕಳಿಸಿ, ಅದು ಮಳೆನೀರಾಗಿಬಿಟ್ಟರೆ? ಅವರು ಇಡೀ ಕಂಪನಿಗೆ ನಗುತ್ತಾ ಹೇಳಿಕೊಂಡು ತಿರುಗುತ್ತಿದ್ದರು. ಆ ನಗು ನನ್ನ ಕಿವಿಗೆ ಮೊದಲೇ ಕೇಳಿಸಿತು. ಅದಕ್ಕೆ ನಿಮಗೆ ಅರ್ಧ ಮಾತು ಹೇಳಿದೆ. ನೀವು ಗಾಬರಿಯಾದರೆ ಆ ಗಾಬರಿ ನಿಮ್ಮದಾಗುತ್ತಿತ್ತು. ನೀವು ಮಳೆ ಎಂದಿರಿ. ನನಗೆಷ್ಟು ಹಗುರವಾಯಿತು ಎಂದರೆ ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆ ಗೆರೆ ಕಂಡ ಹೊತ್ತಿನಿಂದ ಎಂಜಿನ್ ನಿಲ್ಲುವವರೆಗೆ ಇಪ್ಪತ್ತೆರಡು ನಿಮಿಷ. ಕೈಗಡಿಯಾರ ನೋಡುವುದು ನಮ್ಮವರಿಗೆ ಅಭ್ಯಾಸ. ನೋಡುತ್ತಲೇ ಇದ್ದೆ.

ಆ ಕೋ-ಪೈಲಟ್ ಹುಡುಗಿಗೆ ಮೊದಲ ಆರು ತಿಂಗಳು ಪಕ್ಕದಲ್ಲಿ ಕೂತು ಕಲಿಸಿದವನು ನಾನು. ಅವಳನ್ನು ನೋಡಲು ಒಂದು ಸಲವೂ ಹೋಗಿಲ್ಲ.

ಈಗ ನನಗೊಂದು ದಾರಿ ಹೊಳೆದಿದೆ. ಹದಿನೇಳಕ್ಕೆ ಹೊಸ ಹೇಳಿಕೆ ಕೊಡುತ್ತೇನೆ. ನಾನು ಯಾರಿಗೂ ಏನೂ ಹೇಳಲಿಲ್ಲ, ನಿಮ್ಮ ಹತ್ತಿರ ಬಾಯಿಯನ್ನೇ ಬಿಡಲಿಲ್ಲ ಎಂದು ಬರೆದುಕೊಡುತ್ತೇನೆ. ನಿಮ್ಮ ಮೇಲಿನ ನೋಟಿಸ್ ಅಲ್ಲಿಗೆ ಬಿದ್ದುಹೋಗುತ್ತದೆ. ಮಾಡಿದ್ದು ನಾನು, ಉಣ್ಣುವವನೂ ನಾನೇ ಆಗಲಿ. ಈ ಪತ್ರವನ್ನು ಮಾತ್ರ ಹರಿದುಹಾಕಿ.

ನನ್ನನ್ನು ಇನ್ನು ಮೇಲೆ ಏಕವಚನದಲ್ಲೇ ಕರೆಯಿರಿ.

ನಿಮ್ಮ ತಮ್ಮನಂಥವನು

•

ಮೇ 1

ತಮ್ಮಾ,

ಏಕವಚನ ಕೇಳಿದ್ದೀಯ, ಕೊಟ್ಟಿದ್ದೇನೆ. ಪತ್ರ ಹರಿಯುವುದಿಲ್ಲ.

ಮೊದಲು ನೀನು ಒಂದು ಸುಳ್ಳು ಹೇಳಿದೆ, ಅದು ನಿನ್ನನ್ನು ಉಳಿಸಿಕೊಳ್ಳಲು. ಈಗ ಇನ್ನೊಂದು ಸುಳ್ಳು ಹೇಳಲು ಹೊರಟಿದ್ದೀಯ, ಅದು ನನ್ನನ್ನು ಉಳಿಸಲು. ಎರಡನೆಯದಕ್ಕೆ ತ್ಯಾಗ ಎಂಬ ಹೆಸರು ಬೇರೆ. ನನಗೆ ಬೇಡ. ಬಾಯಿ ಮುಚ್ಚಿ ಕೂತ ಒಬ್ಬ ಪೈಲಟ್ ಸಿಕ್ಕರೆ ಸಮಿತಿಯವರು ನಿನಗೊಂದು ಶಿಕ್ಷೆ ಕೊಟ್ಟು, ಕಡತ ಮುಚ್ಚಿ, ಊಟಕ್ಕೆ ಏಳುತ್ತಾರೆ. ನಿನ್ನ ಹಾಗೆ ಅರ್ಧ ಹೇಳುವವರು, ನನ್ನ ಹಾಗೆ ಅರ್ಧ ಕೇಳಿಸಿಕೊಳ್ಳುವವರು ನಾಳೆಯೂ ವಿಮಾನ ಹತ್ತುತ್ತಾರೆ.

ಈಗ ನನ್ನ ಅರ್ಧವನ್ನು ಹೇಳುತ್ತೇನೆ. ಇದನ್ನು ನೋಟಿಸಿನ ಉತ್ತರದಲ್ಲಿ ಬರೆದಿರಲಿಲ್ಲ. ನಮ್ಮ ಯಜಮಾನರಿಗೂ ಹೇಳಿರಲಿಲ್ಲ.

ಲೋಟ ತೆಗೆದುಕೊಳ್ಳಲು ವಾಪಸ್ ಬಂದೆನಲ್ಲ, ನಿನ್ನ ಕಾಫಿ ತುಂಬಿದ ಹಾಗೇ ಇತ್ತು. ನೀನು ಹಣೆಯನ್ನು ಕಿಟಕಿಗೆ ಒತ್ತಿಕೊಂಡಿದ್ದೆ. ನಾನು ಲೋಟ ಎತ್ತಿದ್ದು ನಿನಗೆ ಗೊತ್ತಾಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಪೈಲಟ್‌ಗಳು ಪ್ರಯಾಣಿಕರಾಗಿ ಬಂದಿದ್ದಾರೆ. ನಿದ್ದೆ ಮಾಡುತ್ತಾರೆ, ಇಲ್ಲವೇ ಪತ್ರಿಕೆ ಓದುತ್ತಾರೆ. ಯಾರೂ ರೆಕ್ಕೆಯನ್ನು ಹಾಗೆ ನೋಡುವುದಿಲ್ಲ. ಏನೋ ಸರಿಯಿಲ್ಲ ಎಂದು ನನಗೆ ಆಗಲೇ ಅನ್ನಿಸಿತು. "ಸರ್, ಏನಾದ್ರೂ ತೊಂದರೆನಾ?" ಎನ್ನುವ ಮಾತು ನಾಲಿಗೆ ತುದಿಯವರೆಗೆ ಬಂತು. ನುಂಗಿಕೊಂಡು ಗಾಡಿ ತಳ್ಳಿಕೊಂಡು ಹೋದೆ.

ಯಾಕೆ ಗೊತ್ತೇ? ಹನ್ನೊಂದು ವರ್ಷದ ಹಿಂದೆ ಒಬ್ಬ ಪ್ರಯಾಣಿಕರು ಏನೋ ಘಾಟು ಬರುತ್ತಿದೆ ಎಂದರು. ನಾನು ಓಡಿಹೋಗಿ ಕ್ಯಾಪ್ಟನ್‌ಗೆ ಹೇಳಿದೆ. ನೋಡಿದರೆ ಯಾರದೋ ಚೀಲದಲ್ಲಿ ಬಣ್ಣದ ಡಬ್ಬಿ ಸೋರಿತ್ತು. ಕ್ಯಾಪ್ಟನ್ ಎಲ್ಲರೆದುರು, "ನೀವು ಟ್ರೇ ನೋಡ್ಕೊಳ್ಳಿ, ವಿಮಾನ ನಾವು ನೋಡ್ಕೋತೀವಿ," ಎಂದರು. ವಾರಗಟ್ಟಲೆ ಸಹೋದ್ಯೋಗಿಗಳು "ಟ್ರೇ ನೋಡ್ಕೊಳ್ಳಿ" ಎಂದು ನನ್ನನ್ನು ಛೇಡಿಸಿದರು. ಆ ಕ್ಯಾಪ್ಟನ್ ಯಾರು ಅಂದುಕೊಂಡೆ? ನಿನ್ನ ಗುರುಗಳೇ. ಒಬ್ಬನೇ ಮನುಷ್ಯನಿಗೆ ನೀನು ಒಂಬತ್ತನೇ ಸಾಲಿನಲ್ಲಿ ಕೂತು ಹೆದರಿದೆ, ನಾನು ನಿಂತು ಹೆದರಿದೆ.

ಹದಿನೈದಕ್ಕೆ ನಾನು ಇದನ್ನೆಲ್ಲ ಹೇಳುತ್ತೇನೆ. ಅದರಿಂದ ನನ್ನ ಕೆಲಸ ಹೋಗಬಹುದು. ಹದಿನೇಳಕ್ಕೆ ನೀನು ಇದ್ದದ್ದನ್ನು ಇದ್ದ ಹಾಗೆ ಹೇಳು. ಎರಡೂ ಸೇರಿದರೇನೇ ಅಲ್ಲಿ ನಡೆದದ್ದು ಏನು ಎಂದು ಗೊತ್ತಾಗುವುದು.

ಅದಕ್ಕೂ ಮೊದಲು ಆ ಹುಡುಗಿಯ ಹತ್ತಿರ ಹೋಗು. ವರದಿಯಲ್ಲಿ ಓದಿ ತಿಳಿಯಬಾರದು ಅವಳು. ಇಷ್ಟು ದಿನ ಹೋಗಿಲ್ಲ ಎಂದು ಬರೆದಿದ್ದೀಯ. ಬರೆದದ್ದು ಒಳ್ಳೆಯದೇ. ಈಗ ಎದ್ದು ಹೋಗು.

ದೊಡ್ಡಕ್ಕ

•

ಮೇ 18

ದೊಡ್ಡಕ್ಕ,

ಹನ್ನೆರಡನೇ ತಾರೀಕು ಹೋದೆ.

ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ನಡೆಯಲು ಕಲಿಸುವ ದೊಡ್ಡ ಕೋಣೆಯಿದೆ. ಎರಡು ಉದ್ದನೆಯ ಕಂಬಿ, ಗೋಡೆಗೆ ಕನ್ನಡಿ. ಅವಳು ಕಂಬಿ ಹಿಡಿದು ನಿಂತಿದ್ದಳು. ಕನ್ನಡಿಯಲ್ಲೇ ನನ್ನನ್ನು ನೋಡಿ, "ಸರ್, ಬನ್ನಿ, ಅಲ್ಲಿ ಸ್ಟೂಲ್ ಇದೆ," ಎಂದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ನಾನು ಕೂರಲಿಲ್ಲ. ಕೂತರೆ ಮಾತು ಬದಲಾಗುತ್ತದೆ ಅನ್ನಿಸಿತು. ನಿಂತುಕೊಂಡೇ ಎಲ್ಲ ಹೇಳಿದೆ. ಗೆರೆ, ಮುಚ್ಚಳ, ನಿಮಗೆ ಹೇಳಿದ ಅರ್ಧ ಮಾತು.

ಅವಳು ಕೇಳಿದ್ದು ಒಂದೇ: "ಎಷ್ಟು ಹೊತ್ತು ಸರ್?"

"ಇಪ್ಪತ್ತೆರಡು ನಿಮಿಷ."

ಅವಳು ಕಂಬಿ ಬಿಟ್ಟು ಗಾಲಿಕುರ್ಚಿಗೆ ಕುಸಿದು ಕೂತಳು. ಆಮೇಲೆ ನೆಲ ನೋಡುತ್ತಾ ಹೇಳಿದಳು: "ಎಡಗಡೆ ಮಾಪಕ ಇಳೀತಾನೇ ಇತ್ತು ಸರ್. ಹಿಂದಿನ ವಾರದಿಂದ ಅದು ಸರಿಯಿರಲಿಲ್ಲ, ಅದಕ್ಕೆ ಕ್ಯಾಪ್ಟನ್ 'ಸುಳ್ಳು ತೋರಿಸ್ತಿದೆ ಬಿಡು' ಅಂದ್ರು. ಎರಡು ಸಲ ಹೇಳಿದೆ. ಎರಡನೇ ಸಲ ಅವರಿಗೆ ಸಿಟ್ಟು ಬಂತು. ಮೂರನೇ ಸಲ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಹೊರಗಡೆಯಿಂದ ಒಂದೇ ಒಂದು ಮಾತು ಬಂದಿದ್ರೂ ಸಾಕಿತ್ತು ಸರ್. ಒಂದೇ ಒಂದು. ನಾನು ಮೂರನೇ ಸಲ ಹೇಳ್ತಿದ್ದೆ."

ನನ್ನನ್ನು ಕ್ಷಮಿಸು ಎಂದೆ.

"ಕ್ಷಮೆ ಈಗ ನನ್ನ ಹತ್ರ ಇಲ್ಲ ಸರ್. ಬಂದಾಗ ಹೇಳ್ತೀನಿ," ಎಂದಳು. ಸಿಟ್ಟಿನ ದನಿಯಲ್ಲ. ಅಂಗಡಿಯಲ್ಲಿ ಸಾಮಾನು ಮುಗಿದಿದೆ ಎನ್ನುವ ದನಿ. ನಂತರ ಕೈ ಚಾಚಿ, "ಎಬ್ಬಿಸಿ. ಇನ್ನೂ ನಾಲ್ಕು ಸುತ್ತು ಬಾಕಿ ಇದೆ," ಎಂದಳು. ನಾಲ್ಕು ಸುತ್ತೂ ಪಕ್ಕದಲ್ಲಿ ನಡೆದೆ.

ನಿನ್ನೆ ವಿಚಾರಣೆ. ವಕೀಲರನ್ನು ಹೊರಗೆ ಕೂರಿಸಿದೆ. ಅವರಿಗೆ ಬೇಸರವಾಯಿತು. ಮೂವರು ಸದಸ್ಯರು, ಮುಂದೆ ನಮ್ಮ ಪತ್ರಗಳ ಕಟ್ಟು. ನೀವು ಕೊಟ್ಟೇಬಿಟ್ಟಿದ್ದೀರಿ! ಅಧ್ಯಕ್ಷರು ನಿಮ್ಮ ಮಾರ್ಚ್ 22ರ ಪತ್ರ ತೆರೆದು, ರೆಕ್ಕೆ ಒಣಗಿಲ್ಲ ಎಂಬ ಮಾತನ್ನು ಓದಿ ಕೇಳಿದರು: "ಒಬ್ಬ ಪೈಲಟ್ ಕೊಡೋ ಎಚ್ಚರಿಕೆ ಇಷ್ಟಿದ್ರೆ ಸಾಕು ಅಂತ ನಿಮಗೆ ಆಗ ಅನ್ನಿಸಿತಾ?"

"ಇಲ್ಲ," ಎಂದೆ. "ಸಾಕಾಗಲ್ಲ ಅಂತ ಗೊತ್ತಿದ್ದೇ ಹಾಗೆ ಹೇಳಿದೆ."

ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ ತಲೆಯೆತ್ತಿದರು. ಆ ಕ್ಷಣದಲ್ಲಿ ನನ್ನ ಬಡ್ತಿ ಹೋಯಿತು ಎಂದು ನನಗೆ ಗೊತ್ತಾಯಿತು. ವಿಚಿತ್ರವೆಂದರೆ ಬೆನ್ನು ನೆಟ್ಟಗಾಯಿತು.

ಹೊರಗೆ ಬೆಂಚಿನ ಮೇಲೆ ಗುರುಗಳು ಕೂತಿದ್ದರು. ನಾಲ್ಕು ತಿಂಗಳಲ್ಲಿ ಹತ್ತು ವರ್ಷ ಮುಪ್ಪಾಗಿದ್ದಾರೆ. ನಾನು ಅವರಿಗೂ ಹೇಳಿದೆ, ನಿಮ್ಮ ನಗುವಿಗೆ ಹೆದರಿದೆ ಎಂದು. ಅವರು ಟೋಪಿಯನ್ನು ತಿರುಗಿಸುತ್ತಾ ತಿರುಗಿಸುತ್ತಾ ಹೇಳಿದರು: "ನೀನು ಹೇಳಿ ಕಳಿಸಿದ್ರೆ ನಾನು ಬೈತಿದ್ದೆ ಕಣಯ್ಯಾ. ಖಂಡಿತಾ ಬೈತಿದ್ದೆ. ಬೈದು, ಆಮೇಲೆ ತಿರುಗಿ ರೆಕ್ಕೆ ನೋಡ್ತಿದ್ದೆ."

ತಮ್ಮ

•

ಜುಲೈ 6

ತಮ್ಮಾ,

ವರದಿ ಬಂದು ಮೂರು ವಾರವಾಯಿತು. ನಿನಗೂ ಬಂದಿರಬೇಕು. ಮುಚ್ಚಳ ಬಿಗಿಯದವರು, ಕೆಟ್ಟ ಮಾಪಕವನ್ನು ಹಾಗೇ ಬಿಟ್ಟವರು, ಗುರುಗಳು, ನೀನು, ನಾನು, ಎಲ್ಲರ ಪಾಲೂ ಅದರಲ್ಲಿದೆ. ನನಗೆ ಎಚ್ಚರಿಕೆ ಪತ್ರ ಕೊಟ್ಟು ಕೆಲಸಕ್ಕೆ ಬಾ ಎಂದಿದ್ದಾರೆ. ನಿನ್ನನ್ನು ಒಂದು ವರ್ಷ ಬಲಗಡೆ ಸೀಟಿಗೆ, ಅಂದರೆ ಮತ್ತೆ ಕೋ-ಪೈಲಟ್ ಜಾಗಕ್ಕೆ ಇಳಿಸಿದ್ದಾರೆ. ಓದಿ ಸಂಕಟವಾಯಿತು. ಅನ್ಯಾಯ ಎಂದು ಮಾತ್ರ ಅನ್ನಿಸಲಿಲ್ಲ. ನಿನಗೂ ಅನ್ನಿಸಿರಲಿಕ್ಕಿಲ್ಲ.

ನನಗೆ ಬೇಕಾಗಿದ್ದದ್ದು ಹದಿನಾಲ್ಕನೇ ಪುಟ. ಕಂಪನಿ ಒಂದು ನಿಯಮ ಮಾಡಬೇಕಂತೆ, ಕರಡು ಬರೆಯುವ ಗುಂಪಿನಲ್ಲಿ ನನ್ನನ್ನೂ ಹಾಕಿದ್ದಾರೆ. ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದೆ. ನಮ್ಮ ಯಜಮಾನರು ಪ್ರತಿ ವಾಕ್ಯಕ್ಕೂ "ತಕ್ಕದ್ದು" ಹಚ್ಚುತ್ತಾ ಹೋದರು. ಅರ್ಧ ಕಿತ್ತು ಹಾಕಿದೆ. ಉಳಿದದ್ದು ಇಷ್ಟು: ವಿಮಾನ ಹಾರಿಸಬಲ್ಲವರು ಪ್ರಯಾಣಿಕರಾಗಿ ಕೂತಾಗ, ಕಂಡದ್ದು ಅನುಮಾನವೇ ಆಗಿದ್ದರೂ, ಬಿಡಿಸಿ ಹೇಳಬೇಕು, "ಕ್ಯಾಪ್ಟನ್‌ಗೆ ತಿಳಿಸಿ" ಎಂದು ಕೇಳಬೇಕು. ಕೇಳಿಸಿಕೊಂಡವರು ಆ ಮಾತನ್ನು ತಿದ್ದದೆ, ತೆಳುವಾಗಿಸದೆ ಮುಟ್ಟಿಸಬೇಕು. ಮಾತು ಹುಸಿಯಾದರೂ ತಂದವರ ಮೇಲೆ, ಹೇಳಿದವರ ಮೇಲೆ ಕ್ರಮ ಕೂಡದು.

ಕೊನೆಯ ಸಾಲನ್ನು ಕಚೇರಿಯವರು ಎರಡು ಸಲ ಹೊಡೆದುಹಾಕಿದರು. ಎರಡು ಸಲವೂ ಮತ್ತೆ ಬರೆದೆ. ಮೂರನೇ ಸಲ ಮೇಲಧಿಕಾರಿ, "ಅಮ್ಮಾ, ಈ ಒಂದು ಸಾಲಿಗೆ ಯಾಕಿಷ್ಟು ಹಟ?" ಎಂದರು. "ಉಳಿದ ಸಾಲುಗಳೆಲ್ಲ ನಿಂತಿರೋದೇ ಇದರ ಮೇಲೆ ಸಾರ್," ಎಂದೆ. ಉಳಿಸಿದರು.

ಆದರೆ ನಿಯಮ ಎಂದರೆ ಗೋಡೆಗೆ ಅಂಟಿಸಿದ ಕಾಗದ. ಓದುವವರು ಯಾರು? ಅದನ್ನು ಬಾಯಲ್ಲಿ ಹೇಳಬೇಕು, ನಡೆದದ್ದರ ಸಮೇತ. ಅದಕ್ಕೆ ನೀನೇ ಸರಿ.

ದೊಡ್ಡಕ್ಕ

•

ಸೆಪ್ಟೆಂಬರ್ 9

ದೊಡ್ಡಕ್ಕ,

ಒಪ್ಪಿಕೊಂಡೆ. ಮೊನ್ನೆ ಮೊದಲ ತರಗತಿ.

ಇಪ್ಪತ್ತೆಂಟು ಪೈಲಟ್‌ಗಳು. ಅರ್ಧ ಜನ ನನ್ನ ಕೈಕೆಳಗೆ ಇದ್ದವರು, ಈಗ ಕ್ಯಾಪ್ಟನ್ ಆಗಿ ಎಡಗಡೆ ಸೀಟಿನಲ್ಲಿ ಕೂರುವವರು. ಮಾತು ಶುರು ಮಾಡಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿಲ್ಲಿಸಲಿಲ್ಲ. "ಇದು ಯಾರದೋ ಕಥೆ ಅಲ್ಲ, ನನ್ನದು," ಎಂದು ಆರಂಭಿಸಿ ಎಲ್ಲ ಹೇಳಿದೆ. ಆಮೇಲೆ ಇಬ್ಬಿಬ್ಬರನ್ನು ಎಬ್ಬಿಸಿ ಹೇಳಿಸಿದೆ: ಒಬ್ಬ ಪ್ರಯಾಣಿಕ, ಒಬ್ಬ ಗಗನಸಖಿ. ಗೊತ್ತೇ, ಹದಿನಾಲ್ಕು ಜೋಡಿಗಳಲ್ಲಿ ಮೊದಲ ಪ್ರಯತ್ನಕ್ಕೇ ನೇರವಾಗಿ ಹೇಳಿದವನು ಒಬ್ಬನೂ ಇಲ್ಲ! "ಸುಮ್ನೆ ಕೇಳ್ತಿದೀನಿ," "ತಪ್ಪು ತಿಳ್ಕೋಬೇಡಿ," "ಏನೂ ಇರಲ್ಲ ಬಿಡಿ, ಆದ್ರೂ..." ದೊಡ್ಡ ದೊಡ್ಡ ಗಂಡಸರು ಮದುಮಕ್ಕಳ ಹಾಗೆ ನಾಚಿದರು. ಮಧ್ಯಾಹ್ನದವರೆಗೂ ಬಿಡಲಿಲ್ಲ.

ಅವಳೂ ಬಂದಿದ್ದಳು. ಹೊಸ ಕಾಲು, ಕೈಯಲ್ಲಿ ಒಂದು ಕೋಲು. ತರಬೇತಿ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆಯಂತೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೊನೆಯವರೆಗೂ ಕೇಳಿದಳು. ಎಲ್ಲರೂ ಹೋದ ಮೇಲೆ ಹೇಳಿದಳು: "ಇಪ್ಪತ್ತೆರಡು ನಿಮಿಷ ಅನ್ನೋದನ್ನ ಓಡಿಸ್ಕೊಂಡು ಹೋಗ್ತೀರಿ ಸರ್. ಅಲ್ಲಿ ನಿಲ್ಲಿ. ಅವರು ಕೈಗಡಿಯಾರ ನೋಡ್ಕೊಳ್ಳೋವರೆಗೂ ನಿಲ್ಲಿ."

ಮುಂದಿನ ಸಲ ನಿಲ್ಲುತ್ತೇನೆ. ಕ್ಷಮೆಯ ಸುದ್ದಿ ಅವಳೆತ್ತಲಿಲ್ಲ, ನಾನೂ ಎತ್ತಲಿಲ್ಲ.

ತಮ್ಮ

•

ನವೆಂಬರ್ 21

ತಮ್ಮಾ,

ಕೈ ಪೂರ್ತಿ ಗುಣವಾಗಿ ಕೆಲಸಕ್ಕೆ ಮರಳಿ ಆರು ವಾರವಾಯಿತು. ನಿನ್ನೆ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ಬಾಗಿಲು ಹಾಕಿ ವಿಮಾನ ರನ್‌ವೇ ಕಡೆಗೆ ಹೊರಟಿತ್ತು. ಹನ್ನೆರಡನೇ ಸಾಲಿನಿಂದ ಒಬ್ಬರು ಕೈ ಎತ್ತಿದರು. ಐವತ್ತರ ಆಸುಪಾಸು, ಸೀಟು ಸಾಲದಷ್ಟು ಮೈ. ಮುಖ ಆಗಲೇ ಕೆಂಪಾಗಿತ್ತು. "ನಾನು ಸರಕು ವಿಮಾನದ ಪೈಲಟ್," ಎಂದರು. "ಬಲಗಡೆ ಎಂಜಿನ್ ತಗಡು ಒಂದು ಕಡೆ ಬಿಟ್ಕೊಂಡು ಬಡೀತಿದೆ ಅನ್ಸುತ್ತೆ. ಖಾತ್ರಿ ಇಲ್ಲ. ಕ್ಯಾಪ್ಟನ್‌ಗೆ ತಿಳಿಸಿ." ನಿನ್ನ ತರಗತಿಯಲ್ಲಿ ಕೂತಿದ್ದವರೋ, ಕಾಗದ ಓದಿದವರೋ, ನಾನು ಕೇಳಲಿಲ್ಲ. ಒಳಗೆ ಫೋನ್ ಮಾಡಿ ಅಷ್ಟನ್ನೂ ಹೇಳಿದೆ, "ಖಾತ್ರಿ ಇಲ್ಲ" ಎಂಬುದನ್ನೂ ಬಿಡದೆ. ಆ ಕಡೆ ಕ್ಯಾಪ್ಟನ್ ಉಸಿರು ಬಿಟ್ಟದ್ದು ಕೇಳಿಸಿತು. ವಿಮಾನ ತಿರುಗಿಸಿದರು.

ಏಣಿ ತಂದರು. ಮೆಕ್ಯಾನಿಕ್ ಹತ್ತಿ ಇಳಿದ. ತಗಡು ಗಟ್ಟಿಯಾಗಿತ್ತು. ಹಳೆಯ ಅಂಟುಪಟ್ಟಿಯ ತುಂಡೊಂದು ಅರ್ಧ ಕಿತ್ತು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೋದ. ಅಷ್ಟೇ.

ಐವತ್ತು ನಿಮಿಷ ತಡ. ಒಬ್ಬರಿಗೆ ಮುಂದಿನ ವಿಮಾನ ತಪ್ಪಿತು, ಒಬ್ಬರ ಸಂದರ್ಶನ ಹೋಯಿತು. ಬೈಗುಳವೆಲ್ಲ ನನ್ನ ಮೇಲೆ. ಕ್ಯಾಪ್ಟನ್ ಇಡೀ ದಾರಿ ಮುಖ ಗಂಟು ಹಾಕಿಕೊಂಡು, ನೀರಿನ ಬಾಟಲಿಯನ್ನೂ ನನ್ನ ಮುಖ ನೋಡದೆ ಇಸಿದುಕೊಂಡರು. ನಿನ್ನಾಣೆ, ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಇಳಿದ ಮೇಲೆ ಲಗೇಜು ಬರುವ ಕಡೆ ಆ ಪೈಲಟ್ ತಲೆ ತಗ್ಗಿಸಿ ಒಬ್ಬರೇ ನಿಂತಿದ್ದರು. ನನ್ನನ್ನು ಕಂಡು, "ಮರ್ಯಾದೆ ಹೋಯ್ತು ಅಕ್ಕಾ. ಇನ್ನು ಜನ್ಮದಲ್ಲಿ ಬಾಯಿ ಬಿಡಲ್ಲ," ಎಂದರು.

ನಾನು ಅವರ ಕೋಟಿನ ತೋಳು ಹಿಡಿದುಕೊಂಡೆ. ಮುರಿದಿದ್ದ ಕೈಯಲ್ಲೇ. "ಮುಂದಿನ ಸಲಾನೂ ಹೇಳ್ತೀನಿ ಅನ್ನಿ, ಬಿಡ್ತೀನಿ," ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಅವರ ಪೆಟ್ಟಿಗೆ ಬಂತು, ಒಂದು ಸುತ್ತು ಸುತ್ತಿ ಒಳಗೆ ಹೋಯಿತು, ಮತ್ತೆ ಬಂತು. ಜನ ತಿರುಗಿ ನೋಡತೊಡಗಿದರು.

"ಹೇಳ್ತೀನಿ," ಎಂದರು ಕೊನೆಗೆ.

"ಪೂರ್ತಿ ಹೇಳಿ," ಎಂದೆ.

"ಮುಂದಿನ ಸಲಾನೂ ಹೇಳ್ತೀನಿ ಅಕ್ಕಾ."

ಆಗ ಬಿಟ್ಟೆ.

ದೊಡ್ಡಕ್ಕ